ಬಲ ಕ್ಲಿಕ್ಕಿನ ಮೆನು

ರಾಯಚೂರಿನ ಹತ್ತಿ ಮಾರುಕಟ್ಟೆಯ ಒಂದು ದಲಾಲಿ ಅಂಗಡಿಗಾಗಿ ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆಯುತ್ತಿರುವ ಲೆಕ್ಕದ ತಂತ್ರಾಂಶದಲ್ಲಿ, ಇಂದಿನ ಇಡೀ ದಿನ ಬಲ ಕ್ಲಿಕ್ಕಿನ ಮೆನುವಿಗೇ ಹೋಯಿತು. ಪರದೆಯ ಕಿಟಕಿ, ಪೆಟ್ಟಿಗೆಗಳನ್ನು ಕಟ್ಟಲು ಜಾವಾದಲ್ಲಿರುವ ಸ್ವಿಂಗ್ ಎಂಬ ಸಲಕರಣೆಯ ಪಠ್ಯ ಪೆಟ್ಟಿಗೆಗಳಲ್ಲಿ ಕಟ್, ಕಾಪಿ, ಪೇಸ್ಟ್ ಕೀಲಿಮಣೆಯಿಂದ ನಡೆಯುತ್ತವೆಯಾದರೂ ಬಲ ಕ್ಲಿಕ್ಕಿಗೆ ಮೆನು ತಾನಾಗಿ ತೆರೆದುಕೊಳ್ಳುವುದಿಲ್ಲ. ಅದನ್ನು ನಾವೇ ಕಟ್ಟಬೇಕು. ಅಂಗಡಿಯ ಹಿರಿಯ ಗುಮಾಸ್ತರಿಗೆ ಮೌಸೇ ರೂಢಿ.

ಮೊದಲು ನಾನು ಪ್ರತಿ ಪೆಟ್ಟಿಗೆಗೂ ಪ್ರತ್ಯೇಕ ಮೆನು ಬರೆದಿದ್ದೆ. ಅದು ತಪ್ಪಾಗಿತ್ತು. ಒಂದೇ ಸಾಲಿನ ಪೆಟ್ಟಿಗೆಯಾಗಲಿ, ಹಲವು ಸಾಲುಗಳದ್ದಾಗಲಿ, ಎಲ್ಲವೂ ಜೆಟೆಕ್ಸ್ಟ್‌ಕಾಂಪೊನೆಂಟ್ ಎಂಬ ಒಂದೇ ಮೂಲ ಕ್ಲಾಸಿನಿಂದ, ಅಂದರೆ ಒಂದೇ ಮೂಲ ಅಚ್ಚಿನಿಂದ, ಬಂದಿರುವುದರಿಂದ, ಆ ಮಟ್ಟದಲ್ಲಿ ಒಂದೇ ಮೆನು ಬರೆದು, ತೆರೆಯುವ ಕ್ಷಣದಲ್ಲಿ ಆಯಾ ಪೆಟ್ಟಿಗೆಯನ್ನೇ ‘ನಿನ್ನಲ್ಲಿ ಆಯ್ದ ಪಠ್ಯವಿದೆಯೇ, ನಿನ್ನನ್ನು ತಿದ್ದಬಹುದೇ’ ಎಂದು ಕೇಳಿದರೆ ಸಾಕು. ಆಯ್ದ ಪಠ್ಯವಿಲ್ಲದಿದ್ದರೆ ಕಾಪಿ ಮಸುಕಾಗಬೇಕೇ ಹೊರತು ಮಾಯವಾಗಬಾರದು ಎಂಬುದು ನನ್ನ ದೃಢ ಅಭಿಪ್ರಾಯ. ಮೆನುವಿನ ಸಾಲುಗಳು ಜಾಗ ಬದಲಿಸುತ್ತಿದ್ದರೆ ರೂಢಿಯಾದ ಕೈ ಕಾಪಿ ಎಂದುಕೊಂಡು ಕಟ್ ಒತ್ತಿಬಿಡುತ್ತದೆ, ರೈತರೊಬ್ಬರ ಹತ್ತಿಯ ತೂಕ ಪರದೆಯಿಂದ ಅಳಿದುಹೋಗುತ್ತದೆ.

ಇನ್ನೊಂದು ತೊಡಕು: ವಿಂಡೋಸ್‌ನಲ್ಲಿ ಮೌಸಿನ ಗುಂಡಿ ಬಿಟ್ಟಾಗ ಮೆನು ತೆರೆಯುವುದು ವಾಡಿಕೆ, ಲಿನಕ್ಸ್‌ನಲ್ಲಿ ಒತ್ತಿದಾಗಲೇ. 2004ರಲ್ಲಿ ಬಂದ ಜಾವಾ 5ರಿಂದ ಪೆಟ್ಟಿಗೆಗೆ ಮೆನುವನ್ನು ನೇರವಾಗಿ ಜೋಡಿಸಬಹುದಾದ್ದರಿಂದ ಈ ಭೇದವನ್ನು ಸ್ವಿಂಗ್ ತಾನೇ ನೋಡಿಕೊಳ್ಳುತ್ತದೆ.

ಮೆನುವಿನ ಸಾಲುಗಳಿಗೆ ‘ಕತ್ತರಿಸು, ನಕಲಿಸು, ಅಂಟಿಸು’ ಎಂದೇ ಹೆಸರಿಟ್ಟಿದ್ದೇನೆ. ನಾಳೆ ಬೆಳಿಗ್ಗೆ ಹರಾಜು ಶುರುವಾಗುವ ಮೊದಲು ಗುಮಾಸ್ತರಿಗೆ ತೋರಿಸಬೇಕು.