ಎಂಬತ್ತೊಂಬತ್ತು ಮತಗಳ ‘ಬಹುಮತ’

ಕಾಸರಗೋಡಿನಲ್ಲಿ ಕನ್ನಡ ಪತ್ರಿಕೆಯ ಡೆಸ್ಕಿನಲ್ಲಿ ಕೆಲಸ ಮಾಡುವವನ ಅರ್ಧ ದಿನ ಮಲಯಾಳ ಓದುವುದರಲ್ಲಿ ಕಳೆಯುತ್ತದೆ. ಸರ್ಕಾರದ ಪ್ರಕಟಣೆ, ಪಕ್ಷಗಳ ಹೇಳಿಕೆ, ಟಿವಿಯ ಅಡಿಸಾಲು, ಹೆಚ್ಚಿನವೆಲ್ಲ ಮಲಯಾಳದಲ್ಲೇ ಬರುತ್ತವೆ. ಲಿಪಿ ಬೇರೆಯಾದರೂ ಸಂಸ್ಕೃತದಿಂದ ಬಂದ ಶಬ್ದಗಳು ಎರಡೂ ಭಾಷೆಗಳಲ್ಲಿ ಒಂದೇ ರೀತಿ ಕೇಳಿಸುವುದರಿಂದ, ಈ ಅನುವಾದಕ್ಕೆ ದೊಡ್ಡ ವಿದ್ಯೆಯೇನೂ ಬೇಡವೆಂದು ಹೊಸಬರು ತಿಳಿಯುತ್ತಾರೆ. 2016ರ ಮೇ 19ರವರೆಗೆ ನಾನೂ ಹಾಗೆಯೇ ತಿಳಿದಿದ್ದೆ.

ಅಂದು ಕೇರಳ ವಿಧಾನಸಭೆಯ ಮತ ಎಣಿಕೆ. ಜಿಲ್ಲೆಯ ಐದು ಕ್ಷೇತ್ರಗಳಾದ ಮಂಜೇಶ್ವರ, ಕಾಸರಗೋಡು, ಉದುಮ, ಕಾಞಂಗಾಡ್ ಮತ್ತು ತ್ರಿಕರಿಪುರಗಳಿಗೆ ಗೋಡೆಯ ಹಲಗೆಯ ಮೇಲೆ ಐದು ಕಾಲಂ ಎಳೆದು, ಸುತ್ತು ಮುಗಿದಂತೆಲ್ಲ ಅಂಕಿ ಬರೆದು ಅಳಿಸುವುದು ನನ್ನ ಪಾಲಿನ ಕೆಲಸವಾಗಿತ್ತು. ಉಳಿದ ನಾಲ್ಕು ಕಾಲಂಗಳು ಹೆಚ್ಚು ಕಾಟ ಕೊಡಲಿಲ್ಲ. ಮಂಜೇಶ್ವರದ್ದು ಮಾತ್ರ ಸೀಮೆಸುಣ್ಣವನ್ನು ಕೆಳಗಿಡಲು ಬಿಡಲಿಲ್ಲ. ಎಣಿಕೆ ನಡೆಯುವುದು ಮತಗಟ್ಟೆಗಳ ಕ್ರಮಸಂಖ್ಯೆಯಂತೆ, ಒಂದು ಸುತ್ತಿಗೆ ಸಾಮಾನ್ಯವಾಗಿ 14 ಮೇಜುಗಳಲ್ಲಿ. ಆದ್ದರಿಂದ ಯಾವ ಹೊತ್ತಿಗೆ ಯಾವ ಪಂಚಾಯತಿನ ಯಂತ್ರಗಳು ಮೇಜಿಗೆ ಬಂದಿವೆ ಎಂಬುದರ ಮೇಲೆ ಮುನ್ನಡೆ ಅತ್ತಿತ್ತ ಹೊರಳುತ್ತದೆ. ವರ್ಕಾಡಿ, ಮೀಂಜ, ಪೈವಳಿಕೆ, ಮಂಗಲ್ಪಾಡಿ, ಕುಂಬಳೆ, ಪುತ್ತಿಗೆ, ಎಣ್ಮಕಜೆ, ಮತ್ತೆ ಮಂಜೇಶ್ವರ, ಹೀಗೆ ಎಂಟು ಪಂಚಾಯತುಗಳ ಒಲವು ಎಂಟು ಬಗೆಯಾಗಿರುವಲ್ಲಿ ನಡುವಿನ ಒಂದು ಸುತ್ತನ್ನು ನೋಡಿ ಭವಿಷ್ಯ ಹೇಳುವುದು ಶುದ್ಧ ಅವಿವೇಕ. (ಹೇಳುವವರಿಗೇನೂ ಅಂದು ಕೊರತೆ ಇರಲಿಲ್ಲ.)

ಕೊನೆಗೆ ಕಾಂಗ್ರೆಸ್ ನೇತೃತ್ವದ ಐಕ್ಯರಂಗದಲ್ಲಿದ್ದ ಮುಸ್ಲಿಂ ಲೀಗಿನ ಪಿ.ಬಿ. ಅಬ್ದುಲ್ ರಜಾಕ್ ಅವರಿಗೆ 56,870 ಮತಗಳು, ಬಿಜೆಪಿಯ ಕೆ. ಸುರೇಂದ್ರನ್ ಅವರಿಗೆ 56,781 ಮತಗಳು ಬಂದವು. ಟಿವಿಯ ಅಡಿಸಾಲಿನಲ್ಲಿ ಹರಿದ ಪದ ‘ಭೂರಿಪಕ್ಷ’. ಗೆದ್ದವರಿಗೆ 89 ಮತಗಳ ಭೂರಿಪಕ್ಷ ಎಂದು ಅದರ ಅರ್ಥ. ಪುಟ ಮುಗಿಸುವ ಹೊತ್ತು ಮೀರುತ್ತಿತ್ತು. ಭೂರಿ ಎಂದರೆ ಹೆಚ್ಚು, ಭೂರಿಪಕ್ಷ ಎಂದರೆ ಬಹುಮತ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿ, ‘ಮಂಜೇಶ್ವರ: ಐಕ್ಯರಂಗಕ್ಕೆ 89 ಮತಗಳ ಬಹುಮತ’ ಎಂದು ಶೀರ್ಷಿಕೆ ಬರೆದುಕೊಟ್ಟೆ. ಪುಟ ಕಟ್ಟುವಾಗ ಒಂದು ಕಾಲಮಿನ ಅಗಲಕ್ಕೆ ಅದು ಕೂರಲಿಲ್ಲ. ಯಾರೋ ಅಂಕಿಯನ್ನೂ ‘ಮತಗಳ’ ಎಂಬುದನ್ನೂ ತೆಗೆದರು. ಮರುದಿನ ಓದುಗರ ಕೈಸೇರಿದ್ದು ‘ಮಂಜೇಶ್ವರ: ಐಕ್ಯರಂಗಕ್ಕೆ ಬಹುಮತ’ ಎಂಬ ಶೀರ್ಷಿಕೆ, ಅದರ ನೆತ್ತಿಯ ಮೇಲೆಯೇ, ದಪ್ಪ ಅಕ್ಷರದಲ್ಲಿ, 140ರಲ್ಲಿ 91 ಸ್ಥಾನ ಪಡೆದ ಎಡರಂಗಕ್ಕೆ ಬಹುಮತ ಎಂಬ ಮುಖ್ಯ ಸುದ್ದಿ.

ಬೆಳಿಗ್ಗೆ ಪೈವಳಿಕೆ ಕಡೆಯ ಓದುಗರೊಬ್ಬರು ಫೋನ್ ಮಾಡಿ, “ಸರ್ಕಾರ ಎರಡು ಬಂತಾ ಮಾರಾಯ್ರೇ, ನಮ್ಮ ಮಂಜೇಶ್ವರಕ್ಕೆ ಬೇರೆಯೇ?” ಎಂದು ಕೇಳಿದರು. ಬೈದಿದ್ದರೆ ಸಹಿಸಬಹುದಿತ್ತು.

ಕರಡು ತಿದ್ದುವ ನಮ್ಮ ಹಿರಿಯರು ನಿವೃತ್ತ ಅಧ್ಯಾಪಕರು. ಕಚೇರಿಯಲ್ಲಿ ಎಲ್ಲರಿಗೂ ಅವರು ಮಾಷ್ಟ್ರು. ಹಿಂದಿನ ರಾತ್ರಿ ಅವರು ರಜೆಯಲ್ಲಿದ್ದರು. ಬಂದವರೇ ಪತ್ರಿಕೆಯನ್ನು ನನ್ನ ಮೇಜಿನ ಮೇಲೆ ಹರಡಿ, ಎರಡೂ ‘ಬಹುಮತ’ಗಳಿಗೆ ಕೆಂಪು ಪೆನ್ಸಿಲಿನಿಂದ ಸುತ್ತು ಹಾಕಿ, ನಡುವೆ ಒಂದು ಗೆರೆ ಎಳೆದರು. “ಮಲಯಾಳಕ್ಕೆ ಇವೆರಡಕ್ಕೂ ಒಂದೇ ಶಬ್ದ ಸಾಕು. ನಮಗೆ ಸಾಲದು. ಮೇಲಿನದ್ದು ಬಹುಮತ, ಕೆಳಗಿನದ್ದು ಅಂತರ. ನೀವು ಶಬ್ದ ನೋಡಿದಿರಿ, ಅಂಕಿ ಯಾವುದರದ್ದು ಎಂದು ನೋಡಲಿಲ್ಲ” ಎಂದರು. ವಾಸ್ತವವಾಗಿ ವಿಷಯ ಅಷ್ಟೇ. ಸದನದಲ್ಲಿ ಅರ್ಧಕ್ಕಿಂತ ಹೆಚ್ಚು, ಎಂದರೆ 71 ಸ್ಥಾನ, ಇದ್ದರೂ ಭೂರಿಪಕ್ಷವೇ. ಎರಡನೆಯವರಿಗಿಂತ 89 ಮತ ಮುಂದಿದ್ದರೂ ಭೂರಿಪಕ್ಷವೇ. ಅಷ್ಟು ಹತ್ತಿರದ ಸ್ಪರ್ಧೆಯಲ್ಲಿ ಗೆದ್ದವರಿಗೆ ಚಲಾವಣೆಯಾದ ಮತಗಳ ಅರ್ಧವೂ ಬಂದಿರಲಿಲ್ಲವಾದ್ದರಿಂದ ನನ್ನ ಶೀರ್ಷಿಕೆ ಅಸ್ಪಷ್ಟವಷ್ಟೇ ಅಲ್ಲ, ಸುಳ್ಳೂ ಆಗಿತ್ತು.

ಇಂತಹ ಶಬ್ದಗಳು ಇನ್ನೂ ಇವೆ. ಮಲಯಾಳದ ‘ಮುನ್ನಣಿ’ ನಮ್ಮ ರಂಗ. ಅವಸರದಲ್ಲಿ ಕಿವಿಗೆ ಅದು ‘ಮುನ್ನಡೆ’ ಎಂದೇ ಬೀಳುತ್ತದೆ. ನಮ್ಮ ‘ಕ್ಷೇತ್ರ’ ಅವರಿಗೆ ದೇವಸ್ಥಾನ. ಇವು ತಮಾಷೆಗೆ ಆದೀತು, ಕೂಡಲೇ ಸಿಕ್ಕಿಬೀಳುತ್ತವೆ. ವಾಕ್ಯದಲ್ಲಿ ಸರಿಯಾಗಿ ಕೂತು, ವ್ಯಾಕರಣಕ್ಕೂ ಒಪ್ಪಿ, ಅರ್ಥವನ್ನು ಮಾತ್ರ ಕೆಡಿಸುವ ‘ಭೂರಿಪಕ್ಷ’ದಂಥವು ತಿದ್ದುವವರ ಕಣ್ಣಿಗೂ ಬೀಳುವುದಿಲ್ಲ.

ಆ ಬಳಿಕ ನಾನು ಅಂತರವನ್ನು ಯಾವ ಭಾಷೆಯಿಂದಲೂ ಅನುವಾದಿಸುವುದನ್ನು ಬಿಟ್ಟೆ. ಮೊದಲ ಇಬ್ಬರ ಮತಗಳನ್ನು ಪೂರ್ತಿ ಬರೆದುಕೊಂಡು, ಕೈಯಾರೆ ಕಳೆದು, ಬಂದ ಉತ್ತರವನ್ನಷ್ಟೇ ಬರೆಯುತ್ತೇನೆ. ಶೀರ್ಷಿಕೆಯ ಅಂಕಿಯನ್ನು ತೆಗೆಯಬೇಕಾಗಿ ಬಂದರೆ ಶೀರ್ಷಿಕೆಯನ್ನೇ ಬದಲಿಸಬೇಕೆಂದು ಪುಟ ಕಟ್ಟುವವರಿಗೂ ಹೇಳಿಟ್ಟಿದ್ದೇನೆ. ಅಬ್ದುಲ್ ರಜಾಕ್ ಅವರು 2018ರ ಅಕ್ಟೋಬರಿನಲ್ಲಿ ನಿಧನರಾಗಿ, 2019ರ ಅಕ್ಟೋಬರಿನಲ್ಲಿ ಉಪಚುನಾವಣೆ ನಡೆದಾಗ 65,407ರಿಂದ 57,484 ಕಳೆದು 7,923 ಎಂದು ಬರೆದೆ. ಮುಂದಿನ ವಿಧಾನಸಭಾ ಚುನಾವಣೆಯ ಎಣಿಕೆ ನಡೆದ 2021ರ ಮೇ 2ರಂದು ಲೀಗಿನ ಎ.ಕೆ.ಎಂ. ಅಶ್ರಫ್ ಅವರ 65,758ರಿಂದ ಸುರೇಂದ್ರನ್ ಅವರ 65,013 ಕಳೆದಾಗ ಉಳಿದದ್ದು 745. ಆ ಸಲ ಎಡರಂಗಕ್ಕೆ 99 ಸ್ಥಾನ. ಬಹುಮತ ಎಂಬ ಪದ ಅದೊಂದೇ ಕಡೆ ಅಚ್ಚಾಯಿತು.

ಅದೇ ತಿಂಗಳಲ್ಲಿ ಅಶ್ರಫ್ ಅವರು ವಿಧಾನಸಭೆಯಲ್ಲಿ ಕನ್ನಡದಲ್ಲಿ ಪ್ರಮಾಣವಚನ ಸ್ವೀಕರಿಸಿದರು. ಆ ಸುದ್ದಿಯೂ ನಮ್ಮ ಮೇಜಿಗೆ ಬಂದದ್ದು ಮಲಯಾಳದಲ್ಲಿ, ‘ಸತ್ಯಪ್ರತಿಜ್ಞೆ’ ಎಂದು. ಹೊಸದಾಗಿ ಸೇರಿದ್ದ ಹುಡುಗ ಅದನ್ನು ಹಾಗೆಯೇ ಕನ್ನಡಕ್ಕೆ ಇಳಿಸತೊಡಗಿದ್ದ. ಅದನ್ನು ಬದಿಗಿಡಲು ಹೇಳಿ, ವಿಡಿಯೊ ಹಚ್ಚಿ, ಅವರು ಆಡಿದ ಕನ್ನಡವನ್ನೇ ಇಬ್ಬರೂ ಕೂತು ಕೇಳಿ ಬರೆದುಕೊಂಡೆವು.