ಕೋಡಿಬಾಗದ ದೋಣಿಗೆ ಬಣ್ಣದ ದೀಪ: ಎರಡನೇ ಯತ್ನ, ಮೂರನೇ ವಾರ

ಹೋದ ವರ್ಷ ಕಾರವಾರದ ಕೋಡಿಬಾಗದಲ್ಲಿ ಮಾವನ ಫೈಬರ್ ದೋಣಿಗೆ ಹಾಕಿದ್ದ ಬಣ್ಣ ಬದಲಿಸುವ ಎಲ್‌ಇಡಿ ಪಟ್ಟಿ ಎರಡೇ ತಿಂಗಳಲ್ಲಿ ಸತ್ತುಹೋಗಿತ್ತು. ಏಕೆಂದು ಈಗ ತಿಳಿಯಿತು. ಮಳೆಗಾಲಕ್ಕೆ ದೋಣಿಯನ್ನು ದಡಕ್ಕೆ ಎಳೆದು ತಾಡಪತ್ರಿ ಹೊದಿಸಿದ್ದೇವೆ. ಅದರ ಕೆಳಗೆ ಕುಳಿತು ಹಳೆಯ ಪಟ್ಟಿಯ ತುದಿಯನ್ನು ಬ್ಲೇಡಿನಿಂದ ಸೀಳಿದೆ. ಕೆಂಪು, ಹಸಿರು, ನೀಲಿ ಬಣ್ಣಗಳ ಮೂರು ಬೆಸುಗೆಗಳು ಕಪ್ಪಾಗಿದ್ದರೂ ಗಟ್ಟಿಯಾಗಿದ್ದವು. ನಾಲ್ಕನೆಯದು, ಧನ (ಪ್ಲಸ್) ತಂತಿಯದು, ಇರಲೇ ಇಲ್ಲ. ಆ ಜಾಗದಲ್ಲಿ ಹಸಿರು ಕಿಲುಬು ಮಾತ್ರ. ಉಗುರು ತಾಗಿಸಿದರೆ ಪುಡಿಯಾಗಿ ಉದುರಿತು.

ಈ ಪಟ್ಟಿಗಳಲ್ಲಿ ಮೂರು ಬಣ್ಣಕ್ಕೂ ಧನ ತಂತಿ ಒಂದೇ. ಬಣ್ಣ ಬದಲಿಸುವ ಕಂಟ್ರೋಲರ್ ತೆರೆದು ಮುಚ್ಚುವುದು ಋಣದ (ಮೈನಸ್) ಕಡೆಯನ್ನು. ರಿಮೋಟ್ ಒತ್ತಿ ದೀಪ ಆರಿಸಿದರೂ ಪಟ್ಟಿಯ ಉದ್ದಕ್ಕೂ 12 ವೋಲ್ಟ್ ನಿಂತೇ ಇರುತ್ತದೆ. ಬ್ಯಾಟರಿಯ ಋಣ ತುದಿ ಎಂಜಿನ್ನಿಗೆ ಸೇರಿದೆ, ದೋಣಿಯ ಒಳಗೆಲ್ಲ ಉಪ್ಪುನೀರಿನ ಪಸೆ. ಹಗಲು ರಾತ್ರಿ ಸಣ್ಣಗೆ ಸೋರುವ ವಿದ್ಯುತ್ತು ಧನದ ಕಡೆಯ ತಾಮ್ರವನ್ನು ಕರಗಿಸಿಬಿಟ್ಟಿದೆ. ದೀಪ ಉರಿದದ್ದಕ್ಕಿಂತ ಆರಿದ್ದ ಹೊತ್ತಿನಲ್ಲೇ ಹೆಚ್ಚು ಹಾಳಾಗಿದೆ! ಆದ್ದರಿಂದ ಈ ಸಲ ಬ್ಯಾಟರಿಯ ಪಕ್ಕದಲ್ಲೇ, ಫ್ಯೂಸಿಗೆ ತಾಗಿಕೊಂಡು, ಧನ ತಂತಿಗೆ ಒಂದು ಸ್ವಿಚ್ ಹಾಕಿದ್ದೇನೆ. ದಡಕ್ಕೆ ಬಂದೊಡನೆ ಅದನ್ನು ಆರಿಸುವುದು ಕಡ್ಡಾಯ.

ನೀರು ನುಗ್ಗದಂತೆ ತುದಿಗೆ ಹಚ್ಚಿದ್ದ ಸೀಲಂಟಿನದೂ ಪಾಲಿತ್ತು. ಹಚ್ಚುವಾಗ ವಿನೆಗರ್ ವಾಸನೆ ಬರುವ ಸಿಲಿಕೋನ್ ಒಣಗುತ್ತಾ ಅಸಿಟಿಕ್ ಆಮ್ಲ ಬಿಡುತ್ತದೆ. ಬರಿಯ ತಾಮ್ರಕ್ಕೆ ಅದು ಆಗುವುದಿಲ್ಲ. ಈಗ ವಾಸನೆಯಿಲ್ಲದ ನ್ಯೂಟ್ರಲ್ ಸಿಲಿಕೋನ್, ತವರ ಲೇಪಿಸಿದ ತಾಮ್ರದ ತಂತಿ, ಒಳಮೈಗೆ ಅಂಟು ಸವರಿದ, ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ಹೀಟ್ ಶ್ರಿಂಕ್ ಕೊಳವೆ.

ನಂಬಿಕೆಗೆ ಒಂದು ಪರೀಕ್ಷೆ ಬೇಕಿತ್ತು. ಮಳೆಗಾಲದಲ್ಲಿ ಕಾಳಿ ನದಿಯ ನೀರು ಕೆಂಪಗೆ, ಸಪ್ಪಗೆ ಇರುತ್ತದೆ, ಅದು ಪ್ರಯೋಜನವಿಲ್ಲ. ಗಾಜಿನ ಎರಡು ಬಾಟಲಿಗಳಲ್ಲಿ ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ ಉಪ್ಪು ಕದಡಿದೆ, ಸಮುದ್ರದ ಉಪ್ಪಿನಂಶ ಸುಮಾರಾಗಿ ಅಷ್ಟೇ. ಒಂದರಲ್ಲಿ ಹೋದ ವರ್ಷದ ರೀತಿಯ ಬೆಸುಗೆ, ಇನ್ನೊಂದರಲ್ಲಿ ಹೊಸದು. ಎರಡಕ್ಕೂ ಧನ ವಿದ್ಯುತ್ತು ಕೊಟ್ಟು, ಪಕ್ಕದಲ್ಲಿ ಬರಿಯ ಋಣ ತಂತಿಯೊಂದನ್ನು ಇಳಿಬಿಟ್ಟೆ. ಹಳೆಯದರಲ್ಲಿ ಹತ್ತು ನಿಮಿಷಕ್ಕೆ ಋಣ ತಂತಿಯಿಂದ ದಾರದಂತೆ ಗುಳ್ಳೆ ಏಳತೊಡಗಿತು, ಸಂಜೆಗೆ ನೀರು ಹಸಿರಾಗಿ ಕದಡಿತ್ತು. ಹೊಸದು ಇವತ್ತಿಗೆ ಹನ್ನೊಂದನೇ ದಿನ. ಒಂದು ಗುಳ್ಳೆಯೂ ಇಲ್ಲ, ಮೀಟರಿನಲ್ಲಿ ಸೊನ್ನೆ. ದಿನಾ ಬೆಳಗ್ಗೆ ಎದ್ದವನೇ ಆ ಬಾಟಲಿಯನ್ನು ನೋಡುತ್ತೇನೆ.

ಇನ್ನು ಬಣ್ಣ ಕೆಡುವ ವಿಷಯ. ಮೀಟರಿಗೆ 60 ದೀಪಗಳ ಪಟ್ಟಿ ಪೂರ್ತಿ ಬಿಳಿಯಲ್ಲಿ ಮೀಟರಿಗೆ 14.4 ವಾಟ್ ಎಳೆಯುತ್ತದೆ. ಒಂದೊಂದು ಬದಿಗೆ ಐದು ಮೀಟರ್ ಎಂದರೆ 6 ಆಂಪಿಯರ್. ಬ್ಯಾಟರಿಯ ಕಡೆ ಬೆಳ್ಳಗಿದ್ದ ಬೆಳಕು ದೋಣಿಯ ಮುಂತುದಿಗೆ ಹೋಗುವಷ್ಟರಲ್ಲಿ ಗುಲಾಬಿಗೆ ತಿರುಗುತ್ತಿತ್ತು. ಅಳೆದೆ: ಇಲ್ಲಿ 12.4 ವೋಲ್ಟ್, ಅಲ್ಲಿ 10.6. ನೀಲಿ, ಹಸಿರು ದೀಪಗಳಿಗೆ ಕೆಂಪಿಗಿಂತ ಹೆಚ್ಚು ವೋಲ್ಟ್ ಬೇಕು, ಹಾಗಾಗಿ ಮೊದಲು ಸೊರಗುವುದು ಅವೇ. ಧನಕ್ಕೆ 2.5 ಚದರ ಮಿಲಿಮೀಟರಿನ ತಂತಿ, ಮೂರು ಬಣ್ಣಗಳಿಗೆ 1.5ರದು ಎಳೆದು ಪಟ್ಟಿಯ ಎರಡೂ ತುದಿಗೆ ಕೊಟ್ಟೆ. ಈಗ ಮುಂತುದಿಯಲ್ಲಿ 11.9. ಪ್ರತಿ ಬದಿಗೂ ಬೇರೆ ಬೇರೆ 7.5 ಆಂಪಿಯರ್ ಫ್ಯೂಸ್ ಇದೆ.

ಎಡಕ್ಕೆ ಕೆಂಪು, ಬಲಕ್ಕೆ ಹಸಿರು ಎಂಬುದು ರಾತ್ರಿ ಸಮುದ್ರದಲ್ಲಿ ಒಬ್ಬರಿಗೊಬ್ಬರು ದಿಕ್ಕು ಹೇಳುವ ಭಾಷೆ. ಆ ದೀಪಗಳೆಂದು ಭ್ರಮೆ ಹುಟ್ಟಿಸುವ ಬೇರೆ ಬೆಳಕು ಇರಬಾರದೆಂದು 1972ರ ಅಂತರರಾಷ್ಟ್ರೀಯ ನಿಯಮಗಳೇ ಹೇಳುತ್ತವೆ. ಆದ್ದರಿಂದ ಪಟ್ಟಿಯನ್ನು ಹೊರಮೈಗೆ ಹಾಕಿಲ್ಲ, ಅಂಚಿನ ಕೆಳಗೆ ಒಳಮುಖವಾಗಿ ಇಟ್ಟಿದ್ದೇನೆ. ಓಡುವಾಗ ಮಂದ ನೀಲಿ ಮಾತ್ರ. ಬಣ್ಣದ ಆಟವೆಲ್ಲ ಕೂರ್ಮಗಡ ದ್ವೀಪದ ಜಾತ್ರೆಯಲ್ಲಿ ಲಂಗರು ಹಾಕಿದ ಮೇಲೆ. ಪಕ್ಕದ ದೋಣಿಯವರೊಬ್ಬರು ಬಂದು, “ಏನು, ಬೆಳಕು ಮೀನುಗಾರಿಕೆಗೆ ಹೊರಟಿರಾ?” ಎಂದು ಗಂಭೀರವಾಗಿಯೇ ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ರಾತ್ರಿ ನೀರಿಗೆ ಪ್ರಖರ ಬೆಳಕು ಬಿಟ್ಟು ಮೀನು ಸೆಳೆದು ಹಿಡಿಯುವ, 2017ರಲ್ಲಿ ನಿಷೇಧವಾದ ಆ ಪದ್ಧತಿಯ ಬಗ್ಗೆ ನಾಡದೋಣಿಯವರಿಗೆ ಇರುವ ಸಿಟ್ಟು ನನಗೂ ಇದೆ. ದೀಪ ಹಚ್ಚಿ, ಅದು ನೀರಿಗೆ ಬೀಳುವುದಿಲ್ಲವೆಂದು ತೋರಿಸಿದೆ.

ನಿನ್ನೆ ರಾತ್ರಿ ಮಾವನನ್ನು ಎಂಜಿನ್ ಹಿಡಿಯುವ ಜಾಗದಲ್ಲಿ ಕೂರಿಸಿದೆ. ಕತ್ತಲಲ್ಲಿ ತುಸು ಹೊತ್ತು ಮುಂದೆ ನೋಡಿ, “ಮೂತಿಯ ಆಚೆ ಏನೂ ಕಾಣುವುದಿಲ್ಲ ತಮ್ಮಾ, ಬಿಳಿ ಹಲಗೆ ಕಣ್ಣಿಗೆ ಹೊಡೆಯುತ್ತಿದೆ” ಎಂದರು. ಬೆಳಕನ್ನು ಐದರಲ್ಲಿ ಒಂದಕ್ಕೆ ಇಳಿಸಿದ ಮೇಲೆ ಸರಿಯಾಯಿತು. ಆದರೂ ಹಿಂದಿನ ಒಂದು ಮೀಟರ್ ಪಟ್ಟಿ ಅವರ ಮೊಣಕಾಲಿನ ಪಕ್ಕದಲ್ಲೇ ಉರಿಯುತ್ತದೆ. ಅದನ್ನು ಕತ್ತರಿಸಿ ತೆಗೆಯಬೇಕು, ಅಲ್ಲಿನ ತುದಿಯನ್ನು ಮತ್ತೆ ಮುಚ್ಚಬೇಕು. ನೂಲ ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಬಿಡುವುದರೊಳಗೆ ಮುಗಿಸುತ್ತೇನೆ.