ಚಿಪ್ ಹೋಗಿರಲಿಲ್ಲ, ಡಯೋಡ್ ಹೋಗಿತ್ತು

ಹಳೆಯ ವಿಡಿಯೋ ಗೇಮ್ ಕ್ಯಾಸೆಟ್ ಕೈಕೊಟ್ಟರೆ ಎಲ್ಲರೂ ಮೊದಲು ಹೇಳುವುದು ಒಂದೇ ಮಾತು: ಒಳಗಿನ ಚಿಪ್ ಹೋಗಿರಬೇಕು. ನಾನು ಬಿಚ್ಚಿ ನೋಡಿದ ಕ್ಯಾಸೆಟ್‌ಗಳಲ್ಲಿ ಈ ಮಾತು ನಿಜವಾಗಿದ್ದು ತೀರಾ ಕಡಿಮೆ. ಗೇಮ್ ಇರುವ ರೋಮ್ ಚಿಪ್ ಬಹಳ ಗಟ್ಟಿ. ಕಂಪನಿಯ ಕ್ಯಾಸೆಟ್‌ಗಳಲ್ಲಂತೂ ಚಿಪ್ ತಯಾರಿಸುವಾಗಲೇ ಗೇಮ್ ಅದರೊಳಗೆ ಅಚ್ಚಾಗಿರುತ್ತದೆ, ಕರೆಂಟ್ ಇಲ್ಲದೆ ವರ್ಷಗಟ್ಟಲೆ ಅಟ್ಟದ ಮೇಲೆ ಬಿದ್ದಿದ್ದರೂ ಅಳಿಸಿಹೋಗುವುದಿಲ್ಲ. ಕೆಡುವುದು ಅದರ ಸುತ್ತಮುತ್ತಲಿನ ಸಣ್ಣ ಸಾಮಾನು. ಒಂದು ಸೆಲ್, ಕರೆಂಟನ್ನು ಒಂದೇ ಕಡೆ ಬಿಡುವ ಒಂದು ಡಯೋಡ್, ಒಂದು ಕೆಪಾಸಿಟರ್, ಇಲ್ಲವೇ ಬಿಟ್ಟುಕೊಂಡ ಒಂದು ಬೆಸುಗೆ. ಇದನ್ನು ಸುಮ್ನೆ ಹೇಳುತ್ತಿಲ್ಲ. ಚಿಪ್ ಹೋಗಿದೆ ಅನ್ನುವ ಒಂದೇ ಮಾತಿಗೆ ಎಷ್ಟೋ ಒಳ್ಳೆಯ ಕ್ಯಾಸೆಟ್‌ಗಳು ಗುಜರಿ ಸೇರುತ್ತವೆ. ಅದಕ್ಕೇ ಇದನ್ನು ಬರೆಯಬೇಕು ಅನಿಸಿತು.

ಕಳೆದ ಮಳೆಗಾಲದ ಒಂದು ಭಾನುವಾರ. ಬೆಳಗಾವಿಯ ಜುಲೈ ಮಳೆ ಗೊತ್ತಲ್ಲ, ಹಿಡಿದರೆ ಬಿಡುವುದೇ ಇಲ್ಲ. ನಾನು ಉದ್ಯಮಬಾಗದ ಒಂದು ಕಾರ್ಖಾನೆಯಲ್ಲಿ ಎಲೆಕ್ಟ್ರಿಕಲ್ ಕೆಲಸ ನೋಡಿಕೊಳ್ಳುತ್ತೇನೆ. ರಜೆ ಇದ್ದಾಗ ಮನೆಯಲ್ಲಿ ಹಳೆಯ ಗೇಮ್ ರಿಪೇರಿ ಮಾಡುವುದು ನನಗೆ ತುಂಬಾ ಇಷ್ಟದ ಕೆಲಸ. ಶಹಾಪುರದ ನಮ್ಮ ಓಣಿಯ ವೈನಿ ಮಗನನ್ನು ಕರೆದುಕೊಂಡು, ಒಂದು ಪ್ಲಾಸ್ಟಿಕ್ ಡಬ್ಬಿ ಹಿಡಿದುಕೊಂಡು ಬಂದರು. ಒಳಗೆ ನಾವೆಲ್ಲ ಚಿಕ್ಕವರಿದ್ದಾಗ ಆಡಿದಂಥದ್ದೇ ಒಂದು ಟಿವಿ ಗೇಮ್, ಒಂದೆರಡು ಹಳದಿ ಕ್ಯಾಸೆಟ್, ಜೊತೆಗೆ ಬಂಗಾರದ ಬಣ್ಣದ ಒಂದು ದೊಡ್ಡ ಕ್ಯಾಸೆಟ್.

“ಇದನ್ನ ನಮ್ಮಣ್ಣ ಅಮೆರಿಕಾದಿಂದ ತಂದಿದ್ದ ನೋಡ್ರಿ,” ಅಂದರು ವೈನಿ. “ಆಟ ಚಾಲೂ ಆಗತೈತಿ. ಆದ್ರ ಬಂದ್ ಮಾಡಿದ್ರ ಎಲ್ಲಾ ಮರೀತೈತಿ.”

“ದಿನಾ ಮೊದಲಿಂದ ಆಡಬೇಕ್ರಿ ಕಾಕಾ,” ಅಂದ ಹುಡುಗ. ಅಂಗಡಿಯೊಂದರಲ್ಲಿ ಹೊಸ ಸೆಲ್ ಹಾಕಿಸಿದ್ದರಂತೆ. ಆಮೇಲೂ ಅದೇ ಕಥೆ. ಚಿಪ್ ಹೋಗಿದೆ, ಇನ್ನು ಆಗುವುದಿಲ್ಲ ಅಂತ ಹೇಳಿ ಕಳಿಸಿದ್ದರಂತೆ.

ಅದು ನಿಂಟೆಂಡೋದ ‘ದಿ ಲೆಜೆಂಡ್ ಆಫ್ ಜೆಲ್ಡಾ’. 1986ರಲ್ಲಿ ಜಪಾನಿನಲ್ಲಿ ಡಿಸ್ಕ್ ಮೇಲೆ ಬಂದ ಈ ಗೇಮ್, 1987ರಲ್ಲಿ ಅಮೆರಿಕಾದಲ್ಲಿ ಕ್ಯಾಸೆಟ್ ಆಗಿ ಬಂತು. ಡಿಸ್ಕಿನಲ್ಲಾದರೆ ಆಟ ಎಲ್ಲಿಗೆ ನಿಂತಿತು ಅಂತ ಅದರ ಮೇಲೇ ಬರೆದಿಡಬಹುದು. ಕ್ಯಾಸೆಟ್ಟಿನಲ್ಲಿ ಅದಕ್ಕೆ ದಾರಿ ಇರಲಿಲ್ಲ. ಹಾಗಾಗಿ ಒಳಗೇ ಕರೆಂಟ್ ಇರುವವರೆಗೆ ಮಾತ್ರ ನೆನಪಿಟ್ಟುಕೊಳ್ಳುವ ಒಂದು ಸಣ್ಣ ಚಿಪ್, ಅಂದರೆ ರ‍್ಯಾಮ್, ಆ ರ‍್ಯಾಮ್ ಮರೆಯದಂತೆ ಕಾಯಲು ಒಂದು ಸಿಆರ್2032 ಸೆಲ್ ಇಟ್ಟರು. ಅಮೆರಿಕಾದ ಕ್ಯಾಸೆಟ್ಟಿಗೆ 72 ಪಿನ್, ನಮ್ಮ ಕಡೆಯ ಮಷಿನ್ನಿಗೆ 60. ವೈನಿಯ ಅಣ್ಣ ಎರಡನ್ನೂ ಹೊಂದಿಸುವ ಅಡಾಪ್ಟರನ್ನೂ ತಂದುಕೊಟ್ಟಿದ್ದರು.

ಇದರ ತಿರುಪುಗಳಿಗೆ ಸಾದಾ ಸ್ಕ್ರೂಡ್ರೈವರ್ ನಡೆಯುವುದಿಲ್ಲ, 3.8 ಮಿಲಿಮೀಟರಿನ ಬೇರೆ ಬಿಟ್ ಬೇಕು. ಬಿಚ್ಚಿದೆ. ಮೊದಲು ಕಣ್ಣಿಗೆ ಬಿದ್ದದ್ದು ಸೆಲ್. ಅದರ ಮೈಮೇಲೇ ನೇರವಾಗಿ ಸೋಲ್ಡರ್ ಸುರಿದಿದ್ದರು, ಸುತ್ತ ಸುಟ್ಟ ಪೇಸ್ಟಿನ ಕರಿ ಕಲೆ. ಹೀಗೆ ಮಾಡಲೇಬಾರದು. ಲಿಥಿಯಂ ಸೆಲ್ಲಿಗೆ ಅಷ್ಟು ಬಿಸಿ ತಾಗಿದರೆ ಆಯಸ್ಸು ಕಡಿಮೆಯಾಗುತ್ತದೆ, ಒಮ್ಮೊಮ್ಮೆ ಸಿಡಿಯಲೂಬಹುದು. ಬೆಸುಗೆ ಹಾಕಲು ಲೋಹದ ಪಟ್ಟಿ ಕೂಡಿಸಿಕೊಂಡೇ ಬರುವ ಸೆಲ್ ಸಿಗುತ್ತದೆ. ಅದು ಸಿಗದಿದ್ದರೆ ಹೋಲ್ಡರ್ ಹಾಕಬೇಕು.

ಆದರೆ ಮೀಟರ್ ಹಿಡಿದರೆ ಆ ಸೆಲ್ 3.2 ವೋಲ್ಟ್ ತೋರಿಸುತ್ತಿತ್ತು. ಅಂದರೆ ತೊಂದರೆ ಸೆಲ್ಲಿನದಲ್ಲ.

ಈ ಬೋರ್ಡಿನಲ್ಲಿ 8 ಕಿಲೋಬೈಟಿನ ಎರಡು ರ‍್ಯಾಮ್ ಇವೆ. ಒಂದು ಚಿತ್ರಕ್ಕೆ, ಇನ್ನೊಂದು ಸೇವ್ ಮಾಡಿದ್ದನ್ನು ಇಟ್ಟುಕೊಳ್ಳಲಿಕ್ಕೆ. ಸೆಲ್ಲಿನ ಆಸರೆ ಇರುವುದು ಎರಡನೆಯದಕ್ಕೆ ಮಾತ್ರ. ಟಿವಿಯಲ್ಲಿ ಚಿತ್ರ ಚೂರುಚೂರಾಗಿ ಬಂದರೆ ಚಿತ್ರದ ರ‍್ಯಾಮ್ ಕಡೆ ನೋಡಬೇಕು. ಚಿತ್ರ ಸರಿಯಿದ್ದು ಸೇವ್ ಮಾತ್ರ ಹೋದರೆ ಸೆಲ್ಲಿನಿಂದ ಎರಡನೆಯ ರ‍್ಯಾಮ್‌ವರೆಗಿನ ದಾರಿ ಹಿಡಿಯಬೇಕು. ನನಗೆ ಈ ಕೆಲಸದಲ್ಲಿ ಎಲ್ಲಕ್ಕಿಂತ ಹಿಡಿಸುವುದು ಇದೇ. ಯಾವ ಭಾಗ ನೋಡಬೇಕು ಅಂತ ಕಾಯಿಲೆಯೇ ಹೇಳುತ್ತದೆ. ಅದನ್ನು ಕೇಳಿಸಿಕೊಳ್ಳದೆ ಸೋಲ್ಡರಿಂಗ್ ಐರನ್ ಬಿಸಿ ಮಾಡುತ್ತಾರೆ ಅನ್ನುವುದೇ ನನ್ನ ಬೇಸರ.

28 ಕಾಲಿನ ಆ ರ‍್ಯಾಮಿಗೆ ಕರೆಂಟ್ ಬರುವುದು 28ನೇ ಕಾಲಿಗೆ, ಗ್ರೌಂಡ್ 14ನೇ ಕಾಲು. ಮಷಿನ್ನಿಗೆ ಹಾಕದೆ, ಬೋರ್ಡನ್ನು ಮೇಜಿನ ಮೇಲೇ ಇಟ್ಟು ಆ ಎರಡು ಕಾಲುಗಳ ನಡುವೆ ಅಳೆದೆ. ಮಾಹಿತಿ ಉಳಿಯಬೇಕಾದರೆ ಇಂಥ ರ‍್ಯಾಮಿಗೆ 2 ವೋಲ್ಟಾದರೂ ಬೇಕು. ಮೀಟರ್ ಸೊನ್ನೆಯ ಹತ್ತಿರವೇ ನಿಂತಿತ್ತು. ಸೆಲ್ಲಿನಲ್ಲಿ ಮೂರು ವೋಲ್ಟ್ ಇದೆ, ರ‍್ಯಾಮಿಗೆ ಏನೂ ತಲುಪುತ್ತಿಲ್ಲ. ನಡುವೆ ಎಲ್ಲೋ ದಾರಿ ಕಡಿದಿದೆ.

ಟ್ರ್ಯಾಕ್‌ಗಳೆಲ್ಲ ಬೀಪ್ ಕೊಟ್ಟವು, ಅಂದರೆ ಬೋರ್ಡಿನ ತಾಮ್ರದ ಗೆರೆ ಎಲ್ಲೂ ಕಡಿದಿರಲಿಲ್ಲ, ರೆಸಿಸ್ಟರ್ ಸರಿಯಿತ್ತು. ಉಳಿದದ್ದು ಡಯೋಡ್. ಬೋರ್ಡಿನ ಮೇಲಿದ್ದಾಗಲೇ ಅಳೆದರೆ ಅಕ್ಕಪಕ್ಕದ ಭಾಗಗಳು ಸುಳ್ಳು ಲೆಕ್ಕ ಕೊಡಬಹುದು, ಅದಕ್ಕೆ ಒಂದು ಕಾಲು ಎತ್ತಿ ಅಳೆದೆ. ಒಳ್ಳೆಯ ಡಯೋಡ್ ಆದರೆ ಒಂದು ಕಡೆಯಿಂದ ಸುಮಾರು 0.6 ವೋಲ್ಟ್ ತೋರಿಸಬೇಕು, ತಿರುಗಿಸಿ ಹಿಡಿದರೆ ಏನೂ ಬರಬಾರದು. ಇದು ಎರಡೂ ಕಡೆ ಏನೂ ತೋರಿಸಲಿಲ್ಲ. ಭೂತಗನ್ನಡಿ ಹಿಡಿದೆ. ಅಕ್ಕಿ ಕಾಳಿಗಿಂತ ಸಣ್ಣ ಗಾಜಿನ ಮೈ, ತುದಿಯಲ್ಲಿ ಕರಿ ಪಟ್ಟಿ. ಆ ಪಟ್ಟಿಯ ಪಕ್ಕದಲ್ಲೇ ಕೂದಲೆಳೆಯಂಥ ಬಿರುಕು. ಹಳೆಯ ಸೆಲ್ಲನ್ನು ಇಕ್ಕಳ ಹಾಕಿ ಎಳೆಯುವಾಗ ಒತ್ತಿ ಒಡೆದಿರಬೇಕು ಅಂತ ನನ್ನ ಊಹೆ. ಹುಡುಗನಿಗೂ ತೋರಿಸಿದೆ. ಅವನು ಬಹಳ ಹೊತ್ತು ಗಾಜಿನಿಂದ ಕಣ್ಣು ತೆಗೆಯಲಿಲ್ಲ.

“ಕಾಕಾ, ಅದರ ಬದ್ಲಿ ಬರೇ ಒಂದು ವೈರ್ ಹಚ್ಚಿದ್ರ ನಡಿಯೂದಿಲ್ರಿ?”

ಒಳ್ಳೆಯ ಪ್ರಶ್ನೆ. “ಬ್ಯಾಡೋ ತಮ್ಮಾ” ಅಂತ ಹೇಳಿ ಕೂರಿಸಿಕೊಂಡು ವಿವರಿಸಿದೆ. ಬೋರ್‌ವೆಲ್ ಪೈಪಿಗೆ ನೀರು ವಾಪಸ್ ಹೋಗದಂತೆ ವಾಲ್ವ್ ಹಾಕುತ್ತೇವಲ್ಲ, ಡಯೋಡ್ ಮಾಡುವುದೂ ಅದೇ ಕೆಲಸ. ಮಷಿನ್ ಚಾಲೂ ಇದ್ದಾಗ ರ‍್ಯಾಮಿಗೆ 5 ವೋಲ್ಟ್ ಬರುತ್ತದೆ. ಬರೀ ವೈರ್ ಹಾಕಿದರೆ ಆ 5 ವೋಲ್ಟ್ 3 ವೋಲ್ಟಿನ ಸೆಲ್ಲಿಗೆ ನುಗ್ಗುತ್ತದೆ. ಚಾರ್ಜ್ ಆಗುವ ಸೆಲ್ ಅಲ್ಲ ಅದು. ಉಬ್ಬಿ, ಸೋರಿ, ಬೋರ್ಡನ್ನೇ ತಿಂದುಹಾಕುತ್ತದೆ. ಅವನಿಗೆ ತಟ್ಟನೆ ಅರ್ಥವಾಯಿತು.

1ಎನ್4148 ಡಯೋಡ್ ನನ್ನ ಡಬ್ಬಿಯಲ್ಲೇ ಇತ್ತು. ಒಂದೆರಡು ರೂಪಾಯಿಯ ಸಾಮಾನು. ಪಟ್ಟಿ ಇರುವ ತುದಿಯನ್ನು ರ‍್ಯಾಮ್ ಕಡೆ ಮಾಡಿ ಕೂರಿಸಿದೆ. ಹಳೆಯ ಸೆಲ್ ತೆಗೆದು ಲೋಹದ ಪಟ್ಟಿ ಇರುವ ಹೊಸ ಸೆಲ್ ಹಾಕಿದೆ. ಮತ್ತೆ 28ನೇ ಕಾಲು ಅಳೆದರೆ 2.8 ವೋಲ್ಟ್. ಆ ಅಂಕಿ ನೋಡಿ ಆದ ಖುಷಿ ಇವತ್ತಿಗೂ ನೆನಪಿದೆ.

ಗೇಮ್ ಹಾಕಿ ಹುಡುಗ ತನ್ನ ಹೆಸರು ಬರೆದ. ಬಂದ್ ಮಾಡುವಾಗ ರೀಸೆಟ್ ಬಟನ್ ಒತ್ತಿ ಹಿಡಿದುಕೊಂಡೇ ಪವರ್ ತೆಗೆಯಲು ಹೇಳಿದೆ. ಈ ಗೇಮ್ ತಾನೇ ಪರದೆಯ ಮೇಲೆ ಹಾಗೆ ಮಾಡಿ ಅನ್ನುತ್ತದೆ, ಯಾರೂ ಓದುವುದಿಲ್ಲ. ಪವರ್ ಇಳಿಯುವ ಕ್ಷಣದಲ್ಲಿ ರ‍್ಯಾಮಿಗೆ ಅಡ್ಡಾದಿಡ್ಡಿ ಬರಹ ಬೀಳದಂತೆ ತಡೆಯಲು ಅದು ಬೇಕು. ಕ್ಯಾಸೆಟ್ ಹೊರಗೆ ತೆಗೆದು ಇಟ್ಟೆವು.

ಅಷ್ಟರಲ್ಲಿ ಹಳದಿಯವುಗಳನ್ನು ಕೈಗೆತ್ತಿಕೊಂಡೆ. ಇವುಗಳಲ್ಲಿ ಚಿಪ್ ಅಂದರೆ ಬೋರ್ಡಿನ ಮೇಲಿನ ಒಂದು ಕಪ್ಪು ಗುಳ್ಳೆ. ಒಂದರ ಕಾಂಟ್ಯಾಕ್ಟ್ ಪೂರಾ ಕಪ್ಪಾಗಿತ್ತು. ನಮ್ಮೂರಿನ ತೇವ ಒಂದು ಕಾರಣ, ಬಾಯಿಂದ ಊದುವ ಚಟ ಇನ್ನೊಂದು. ಊದಿದಾಗ ಎಂಜಲಿನ ಪಸೆ ಹತ್ತಿ ತಾಮ್ರ ಕಿಲುಬು ಹಿಡಿಯುತ್ತದೆ. ಊದಿದ ಮೇಲೆ ಚಾಲೂ ಆಯಿತು ಅನ್ನುತ್ತೀರಲ್ಲ, ಅದು ಜಾಸ್ತಿ ಸಲ ತೆಗೆದು ಹಾಕಿದ್ದರಿಂದ ಆದದ್ದು. ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಲ್ಲಿ ಒರೆಸಿದೆ. ಉಪ್ಪುಕಾಗದ ಹಾಕಿ ಉಜ್ಜಬೇಡಿ, ಮೇಲಿನ ಲೇಪನವೇ ಹೋಗುತ್ತದೆ. ಒರೆಸಿದ ಮೇಲೂ ಅಕ್ಷರ ಕಲಸಿ ಬರುತ್ತಿದ್ದವು, ಬೋರ್ಡ್ ಒತ್ತಿ ಹಿಡಿದರೆ ಸರಿಯಾಗುತ್ತಿದ್ದವು. ಡ್ರೈ ಸೋಲ್ಡರ್, ಅಂದರೆ ಬಿಟ್ಟುಕೊಂಡ ಬೆಸುಗೆ. ಬೆಸುಗೆಗಳಿಗೆ ಮತ್ತೊಮ್ಮೆ ಬಿಸಿ ಕೊಟ್ಟೆ, ಮುಗಿಯಿತು. ಇನ್ನೊಂದರಲ್ಲಿ ಕಪ್ಪು ಗುಳ್ಳೆಯ ಒಳಗೇ ಕೆಟ್ಟಿತ್ತು. ಅದಕ್ಕೆ ಮದ್ದಿಲ್ಲ. ವೈನಿಗೆ ಹಾಗೇ ಹೇಳಿದೆ.

ಸಂಜೆ ಚಹಾ ಆದ ಮೇಲೆ ಬಂಗಾರದ ಕ್ಯಾಸೆಟ್ ಹಾಕಿದೆವು. ಹುಡುಗನ ಹೆಸರು ಹಾಗೇ ಇತ್ತು. “ಐತ್ರಿ ಕಾಕಾ! ಐತಿ!” ಅಂತ ಕೂಗಿದ.

ಹೋಗುವಾಗ ಅವನಿಗೆ ಗೋಕಾಕದ ತನ್ನ ಮಾಮಾನ ಗೇಮ್ ಬಾಯ್ ನೆನಪಾಯಿತು. ಅದರ ‘ಪೋಕೆಮಾನ್ ಸಿಲ್ವರ್’ ಕ್ಯಾಸೆಟ್ಟಿನಲ್ಲಿ ಗಡಿಯಾರ ಹಿಂದೆ ಬೀಳುತ್ತಿದೆಯಂತೆ, ಸೇವ್ ಇನ್ನೂ ಇದೆಯಂತೆ. ಆ ಕ್ಯಾಸೆಟ್ಟಿನ ಸೆಲ್ ರ‍್ಯಾಮಿನ ಜೊತೆ ಗಡಿಯಾರವನ್ನೂ ನಡೆಸಬೇಕು, ಹಾಗಾಗಿ ಬೇಗ ಮುಗಿಯುತ್ತದೆ. ಅದಕ್ಕೆ ಬೇಕಾದದ್ದು ಸಿಆರ್2025. ಸೆಲ್ ಕಿತ್ತ ಕೂಡಲೇ ಸೇವ್ ಅಳಿಸಿಹೋಗುತ್ತದೆ. ಉಳಿಸಬೇಕಾದರೆ ಹೊರಗಿನಿಂದ 3 ವೋಲ್ಟ್ ಕೊಟ್ಟುಕೊಂಡೇ ಸೆಲ್ ಬದಲಿಸಬೇಕು. ಮಾಮಾಗೆ ಇವತ್ತೇ ಫೋನ್ ಮಾಡು, ಯಾರ ಕೈಯಲ್ಲೂ ಅದನ್ನು ಬಿಚ್ಚಿಸಬೇಡಿ, ಇದ್ದ ಹಾಗೇ ನನ್ನ ಹತ್ತಿರ ತನ್ನಿ ಅಂತ ಹೇಳಿ ಕಳಿಸಿದೆ.